ವಿಮಾನದಾಗಿನ ಪಂಕ್ತಿಭೇದ

ಹೋದ ತಿಂಗಳ ಒಂದಿನ ಸಂಜೀಮುಂದ ದೇವರಿಗೆ ದೀಪಾ ಹಚ್ಚಿ ಚಪಾತಿ ಹಿಟ್ಟು ನಾದಕೋತ ಕೂತಿದ್ದೆ. ಬೆಂಗಳೂರಿನಿಂದ ನಮ್ಮ ತಂಗಿ ಮಗಳು ಪುಟ್ಟಿ ಫೋನ್ ಮಾಡಿದ್ಲು. ಹೆಸರಿಗೆ ಪುಟ್ಟಿ, ವಯಸ್ಸು ಮೂವತ್ತಾರು. ಒಂದು ಕಂಪನ್ಯಾಗ ಹನ್ನೆರಡು ವರ್ಷದಿಂದ ಕೆಲಸಾ ಮಾಡತಾಳ, ಆಕಿ ಕೈಕೆಳಗ ಹದಿನೈದು ಮಂದಿ ಇದ್ದಾರ. "ಮೌಶಿ, ಒಂದು ಮಾತು ಕೇಳತೇನಿ, ಅವ್ವಗ ಹೇಳಬ್ಯಾಡ" ಅಂದ್ಲು. ಹಿಂಗ ಶುರು ಆದ ಮಾತು ಸುಮ್ಮನ ಮುಗಿಯೂದಿಲ್ಲ ಅಂತ ನಮಗೆಲ್ಲಾ ಗೊತ್ತದಲ್ಲ. ಕೈ ತೊಳಕೊಂಡು ಬಂದು ಖುರ್ಚಿ ಮ್ಯಾಲ ಕೂತೆ.

ವಿಷಯ ಏನಂದ್ರ, ಕಂಪನಿ ಕೆಲಸದ ಸಲುವಾಗಿ ಆಕಿ ಸ್ಯಾನ್ ಫ್ರಾನ್ಸಿಸ್ಕೊಕ್ಕ ಹೋಗಬೇಕು. ನಡುವ ಇಳಿದು ಹತ್ತೂದೆಲ್ಲಾ ಹಿಡಿದು ಇಪ್ಪತ್ತೆರಡು ತಾಸಿನ ದಾರಿ. ಇಳಿದ ದಿನಾನೇ ದೊಡ್ಡ ಮೀಟಿಂಗು. ಇಷ್ಟು ದೂರದ ಪ್ರಯಾಣಕ್ಕ ಆಕಿ ದರ್ಜೆಯವರಿಗೆ ಬಿಸಿನೆಸ್ ಕ್ಲಾಸ್ ಕೊಡಬಹುದು ಅಂತ ಕಂಪನ್ಯಾಗ ರೂಲ್ ಅದ. ನೋಡ್ರಿ, 'ಕೊಡಬಹುದು' ಅಂತ ಅದ, 'ಕೊಡಬೇಕು' ಅಂತ ಇಲ್ಲ. ಸಾಹೇಬರು, "ಈ ವರ್ಷ ಖರ್ಚು ಬಿಗಿ ಅದ. ಸಂಗತೀಲೆ ಬರೋ ಇಬ್ಬರು ಹುಡುಗರು ಎಕಾನಮಿ ಒಳಗ ಹೊಂಟಾರ. ಮುಂದ ನಿಮ್ಮಿಷ್ಟ" ಅಂದಾರ. ನಿಮ್ಮಿಷ್ಟ ಅನ್ನೋ ಮಾತಿನಾಗ ಎಷ್ಟು ಇಷ್ಟ ಇರತದ ಅಂತ ಸಂಸಾರ ಮಾಡಿದವರಿಗೆ ಬ್ಯಾರೆ ಹೇಳಬೇಕಾಗಿಲ್ಲ.

ಇಷ್ಟೇ ಇದ್ರ ನಾ ಏನೂ ಅಂತಿದ್ದಿಲ್ಲ. ಮೂರು ವರ್ಷದ ಹಿಂದ ಬಾಣಂತನದಾಗ ಪುಟ್ಟಿ ಎಡಗಾಲಿನ ಮೀನಖಂಡದಾಗ ರಕ್ತ ಹೆಪ್ಪುಗಟ್ಟಿತ್ತು. ಕಾಲು ಬಾತು ಕೆಂಪಗಾಗಿ, ದವಾಖಾನ್ಯಾಗ ಇದ್ದು, ತಿಂಗಳಾನಗಟ್ಟಲೆ ಔಷಧ ತೊಗೊಂಡಾಳ. ಆ ಕೂಸಿನ ತೊಟ್ಟಲಾ ತೂಗಿದಾಕಿ ನಾನು, ನನಗೆಲ್ಲಾ ನೆನಪದ. ಈಗ ಆಕಿ ಸಂಕಟ ಹಿಂಗಿತ್ತು: "ಬಿಸಿನೆಸ್ ಕೇಳಿದ್ರ, ಹೆಣ್ಣಮಕ್ಕಳನ್ನ ಕಳಿಸಿದ್ರ ಇದೇ ರಗಳಿ ಅಂತಾರ. ಮುಂದಿನ ಸಲ ಹೆಸರೇ ಬಿಡತಾರ. ಕೇಳದಿದ್ರ ಇಪ್ಪತ್ತೆರಡು ತಾಸು ಕಾಲಿನ ಚಿಂತಿ. ಏನ ಮಾಡ್ಲಿ ಮೌಶಿ?"

ನಾ ವಿಮಾನ ಹತ್ತಿದ್ದು ಒಂದೇ ಸಲ, ಹುಬ್ಬಳ್ಳಿಯಿಂದ ಬೆಂಗಳೂರಿಗೆ. ಕಿವಿ ಗುಂಯ್ ಅನ್ನೂದು ನಿಂದ್ರೂದರಾಗ ಇಳಿಸಿಬಿಟ್ಟಿದ್ರು. ನಾ ಏನ ಹೇಳಬೇಕು? "ಎರಡು ದಿನಾ ಕೊಡವಾ, ನೋಡತೇನಿ" ಅಂದೆ. ಪಿಯುಸಿ ಒಳಗ ಇತಿಹಾಸ ಓದಿದಾಕಿ ನಾನು. ಯಾವುದರ ಬುಡಾನಾದ್ರೂ ಹುಡುಕಿದ್ರ ಅರ್ಧ ಉತ್ತರ ಅಲ್ಲೇ ಸಿಗತದ ಅಂತ ನನ್ನ ನಂಬಿಕಿ. ಹುಡುಕಿದಾಗ ಸಿಕ್ಕಿದ್ದನ್ನ ಇಲ್ಲಿ ಬರದೇನಿ. ನಿಮ್ಮ ಮನ್ಯಾಗೂ ಹಿಂಗ ಹಾರಾಡೋ ಮಕ್ಕಳು ಸೊಸೆಂದ್ರು ಇದ್ದಾರ, ಉಪಯೋಗಕ್ಕ ಬಂದೀತು.

ಕ್ಲಾಸು ಅಂದಕೂಡ್ಲೆ ನನಗ ನೆನಪಾಗೂದು ನಮ್ಮಪ್ಪನ ರೈಲ್ವೆ ಪಾಸು. ನಮ್ಮಪ್ಪ ಹುಬ್ಬಳ್ಳಿ ವರ್ಕ್‌ಶಾಪಿನಾಗ ಇದ್ದರು. ಈ ಕಡೆ ರೈಲು ತಂದ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿದ್ದು 1882ರಾಗ, ಅದರ ಮುಖ್ಯ ಕಚೇರಿ ನಮ್ಮ ಧಾರವಾಡದಾಗಿತ್ತು. ಆ ಕಾಲದಿಂದ ಹುಬ್ಬಳ್ಳ್ಯಾಗ ರೈಲ್ವೆ ನೌಕರಿ ಅಂದ್ರ ಮನಿತನದ ನೌಕರಿ ಇದ್ದಂಗ. ಪಾಸಿನ ಮ್ಯಾಲ ಯಾವ ಕ್ಲಾಸಿನಾಗ ಕೂಡಬೇಕು ಅಂತ ಬರದಿರತಿತ್ತು. ಅದು ಅಪ್ಪನ ಹುದ್ದಿ ನೋಡಿ ಬರದದ್ದು, ಅಪ್ಪನ ಸೊಂಟಾ ನೋಡಿ ಅಲ್ಲ. ದೊಡ್ಡ ಸಾಹೇಬರ ಪಾಸು ಫಸ್ಟ್ ಕ್ಲಾಸಿಂದು. ಅವರ ಮನ್ಯಾಗ ಹದಿನಾರು ವರ್ಷದ ಗಟ್ಟಿಮುಟ್ಟಾದ ಹುಡುಗ ಮೆತ್ತಗ ಕೂತು ಹೋಗತಿದ್ದ. ನಮ್ಮ ಅಜ್ಜಿ ಮೊಣಕಾಲು ಹಿಡಕೊಂಡು ಕಟಗಿ ಫಳಿ ಮ್ಯಾಲ ಕೂಡತಿದ್ಲು.

ನಮ್ಮ ಅಜ್ಜಿಗೆ ಅದು ಕಡೀತನಕಾ 'ಥರ್ಡ್ ಕ್ಲಾಸ್' ಆಗೇ ಉಳೀತು. ಖರೇ ಅಂದ್ರ 1974ರಾಗ ನಮ್ಮ ದೇಶದಾಗ ಮೂರನೇ ಕ್ಲಾಸು ಅನ್ನೋ ಹೆಸರನ್ನ ತಗದು ಎರಡನೇ ಕ್ಲಾಸು ಮಾಡಿದ್ರು. ಬೋರ್ಡ್ ಬದಲಾತು, ಫಳಿ ಬದಲಾಗಲಿಲ್ಲ. ಫಳಿ ಬದಲಾಗಿದ್ದು ಮುಂದ 1977ರಿಂದ 79ರ ನಡುವ, ಮಧು ದಂಡವತೆಯವರು ರೈಲ್ವೆ ಮಂತ್ರಿ ಆದಾಗ. ಎರಡನೇ ಕ್ಲಾಸಿನ ಮಲಗೋ ಫಳಿ ಮ್ಯಾಲ ಎರಡು ಇಂಚಿನ ಫೋಮ್ ಹಾಕಸಲಿಕ್ಕೆ ಶುರು ಮಾಡಿದವರು ಅವರೇ. ಆ ಸಲ ಗಾಡಿ ಹತ್ತಿದಾಗ ನಮ್ಮವ್ವ ಅದರ ಮ್ಯಾಲ ಕೈಯಾಡಿಸಿ ಕೈಯಾಡಿಸಿ ನೋಡಿದ್ದು ನನ್ನ ಕಣ್ಣಾಗ ಇನ್ನೂ ಅದ. ಎರಡೇ ಇಂಚು ನೋಡ್ರಿ. ಅಷ್ಟಕ್ಕ ಅಷ್ಟು ವರ್ಷ ಬೇಕಾತು.

ಗಾಂಧೀಜಿ 1915ರಾಗ ಆಫ್ರಿಕಾದಿಂದ ಬಂದ ಮ್ಯಾಲ ಥರ್ಡ್ ಕ್ಲಾಸಿನಾಗೇ ದೇಶಾ ತಿರುಗಿದ್ರು ಅಂತ ಶಾಲ್ಯಾಗ ಓದೇವಿ. ಅಲ್ಲಿನ ಹೊಲಸು, ಗದ್ದಲ, ಮಂದಿ ಪಾಡು ಎಲ್ಲಾ ಬರದು 1917ರಾಗ ಒಂದು ಸಣ್ಣ ಪುಸ್ತಕಾನೂ ಮಾಡಿದ್ರು. ಆ ಪಾಡು ಯಾಕಿತ್ತು, ರೊಕ್ಕ ಇಲ್ಲದ್ದಕ್ಕೇನು? ಈ ಪ್ರಶ್ನೆಕ್ಕ ಉತ್ತರಾ ಹುಡುಕಲಿಕ್ಕೆ ಹೋದಾಗ ರೈಲು ಹುಟ್ಟಿದ ದೇಶಕ್ಕೇ ಹೋಗಬೇಕಾತು.

ಇಂಗ್ಲಂಡಿನಾಗ ಶುರುವಿಗೆ ಮೂರನೇ ಕ್ಲಾಸಿನವರಿಗೆ ಮಾಡಾನೇ ಇರಲಿಲ್ಲ. ಸಾಮಾನಿನ ಗಾಡಿಗೆ ಜೋಡಿಸಿದ ತೆರೆದ ಡಬ್ಬಿ ಒಳಗ ಕೂಡಸತಿದ್ರು. 1841ರ ಡಿಸೆಂಬರ್ 24ಕ್ಕ ಸೋನಿಂಗ್ ಅನ್ನೋ ಊರ ಹತ್ರ ಅಂಥಾ ಗಾಡಿಯೊಂದು ಕುಸಿದ ಮಣ್ಣಿಗೆ ಬಡೀತು. ಲಂಡನ್ನಿನ ಪಾರ್ಲಿಮೆಂಟ್ ಕಟ್ಟಡದಾಗ ದುಡಿದು ಕ್ರಿಸ್‌ಮಸ್ ಹಬ್ಬಕ್ಕ ಮನಿಗೆ ಹೊಂಟ ಕಲ್ಲು ಕೆಲಸದವರು ಅದರಾಗಿದ್ರು. ಎಂಟು ಮಂದಿ ಅಲ್ಲೇ ಸತ್ತರು. ಆಮ್ಯಾಲ 1844ರಾಗ ಕಾಯ್ದೆ ಬಂತು: ದಿನಕ್ಕ ಒಂದು ಗಾಡಿಯಾದ್ರೂ ಮೂರನೇ ಕ್ಲಾಸಿನವರಿಗೆ ಇರಬೇಕು, ಡಬ್ಬಿಗೆ ಮಾಡು ಇರಬೇಕು, ಕೂಡಲಿಕ್ಕೆ ಜಾಗಾ ಇರಬೇಕು, ಮೈಲಿಗೆ ಒಂದು ಪೆನ್ನಿಗಿಂತ ಹೆಚ್ಚು ತೊಗೋಬಾರದು ಅಂತ.

ಅದೇ ಕಾಲಕ್ಕ, 1849ರಾಗ, ಫ್ರಾನ್ಸಿನಾಗ ಜೂಲ್ ದ್ಯುಪುಯಿ ಅಂತ ಒಬ್ಬ ಎಂಜಿನಿಯರು ಒಂದು ಮಾತು ಬರದಾನ. ಅದನ್ನ ಓದಿ ನಾ ಚಹಾ ಆರಿಸಿಕೊಂಡೆ. ಅವನ ಮಾತಿನ ತಾತ್ಪರ್ಯ ಇಷ್ಟು: ಮೂರನೇ ಕ್ಲಾಸಿಗೆ ಮಾಡು ಹಾಕಲಿಕ್ಕೆ, ಫಳಿಗೆ ಗಾದಿ ಹಾಕಲಿಕ್ಕೆ ಕಂಪನಿಗಳಿಗೆ ಖರ್ಚೇನೂ ಭಾಳ ಇಲ್ಲ. ಬಡವರಿಗೆ ತ್ರಾಸ ಕೊಡಬೇಕು ಅಂತಾನೂ ಅಲ್ಲ. ಕೆಳಗಿನ ಕ್ಲಾಸು ಸುಖಾ ಇದ್ರ, ಮ್ಯಾಲಿನ ಕ್ಲಾಸಿಗೆ ರೊಕ್ಕಾ ಕೊಡೋ ಮಂದಿ ಇಲ್ಲೇ ಬಂದು ಕೂತಾರು. ಅವರನ್ನ ಅಂಜಸಲಿಕ್ಕೆ ಇವರಿಗೆ ತ್ರಾಸು.

ನನಗ ಒಮ್ಮೆಲೆ ನಮ್ಮೂರ ಹಳೇ ಮನೀ ಊಟದ ಪಂಕ್ತಿ ನೆನಪಾತು. ಮೊದಲ ಪಂಕ್ತಿ ಗಂಡಸರದು, ಮಣಿ ಹಾಕಿ, ಬಾಳಿಎಲಿ ಹಾಕಿ, ಬಿಸಿ ಅನ್ನಕ್ಕ ತುಪ್ಪಾ ಹಾಕಿ. ಆಮ್ಯಾಲ ಹುಡುಗರದು. ಕಡೀ ಪಂಕ್ತಿ ಅಡಗಿ ಮಾಡಿದವರದು. ಆರಿದ ಸಾರು, ತಳಾ ಕೆರೆದ ಪಲ್ಯ. ಒಲಿ ಅಲ್ಲೇ ಇತ್ತು, ಇನ್ನೊಮ್ಮೆ ಕಾಸಲಿಕ್ಕೆ ಎಷ್ಟು ಹೊತ್ತು? ಖರ್ಚಿನ ಪ್ರಶ್ನೆ ಅಲ್ಲ. ಯಾರು ಮೊದಲು ಅನ್ನೂದು ಗೊತ್ತಾಗಬೇಕಲ್ಲ, ಅದರ ಸಲುವಾಗಿ.

ಇನ್ನ ವಿಮಾನಕ್ಕ ಬರೂಣು. ಮೊದಮೊದಲು ವಿಮಾನದಾಗ ಕ್ಲಾಸು ಇದ್ದಿಲ್ಲ. ಯಾಕಂದ್ರ ಹತ್ತೋವರೆಲ್ಲಾ ಸಾವಕಾರರೇ. 1948ರ ಜೂನ್ 8ಕ್ಕ ಏರ್ ಇಂಡಿಯಾದ 'ಮಲಬಾರ್ ಪ್ರಿನ್ಸೆಸ್' ಮುಂಬೈಯಿಂದ ಕೈರೋ, ಜಿನೀವಾ ಮ್ಯಾಲೆ ಹಾಯ್ದು ಲಂಡನ್ನಿಗೆ ಹೋತು. ನಮ್ಮ ದೇಶದಿಂದ ಹೊರಗ ಹೋದ ಅದರ ಮೊದಲ ವಿಮಾನ ಅದು. 35 ಮಂದಿ ಇದ್ರು, ಅವರಾಗ ಮಹಾರಾಜರೂ ಇದ್ರು.

1952ರ ಮೇ ತಿಂಗಳಿಂದ ಅಟ್ಲಾಂಟಿಕ್ ದಾಟೋ ವಿಮಾನದಾಗ 'ಟೂರಿಸ್ಟ್ ಕ್ಲಾಸ್' ಅಂತ ಸೋವಿ ತಿಕೀಟು ಬಂತು. ಅಲ್ಲಿಂದ ಎರಡು ಪಂಕ್ತಿ ಆದವು. 1958ರ ಏಪ್ರಿಲ್‌ದಾಗ ಇನ್ನೂ ಸೋವಿ 'ಎಕಾನಮಿ' ಬಂತು. ಆಗ ವಿಮಾನ ಕಂಪನಿಗಳೆಲ್ಲಾ ಕೂಡಿ ಒಂದು ಸಂಘ ಮಾಡಿಕೊಂಡು ದರ, ಊಟ ಎಲ್ಲಾ ತಾವೇ ನಿಕ್ಕಿ ಮಾಡತಿದ್ರು. ಎಕಾನಮಿಯವರಿಗೆ ಸ್ಯಾಂಡ್‌ವಿಚ್ ಬಿಟ್ರ ಬ್ಯಾರೆ ಊಟ ಕೊಡಬಾರದು, ಅದೂ ತಣ್ಣಂದು, ಸೋವೀದು ಇರಬೇಕು ಅಂತ ಕರಾರು ಮಾಡಿಕೊಂಡ್ರು.

ಇಲ್ಲೊಂದು ತಮಾಷಿ ನಡೀತು. ಡೆನ್ಮಾರ್ಕ್, ಸ್ವೀಡನ್, ನಾರ್ವೆ ಮೂರೂ ಕೂಡಿ ನಡಸೋ ಎಸ್‌ಎಎಸ್ ಕಂಪನಿಯವರು ಒಂದು ಬ್ರೆಡ್ ತುಂಡು ಇಟ್ಟು, ಅದರ ಮ್ಯಾಲ ಮಾಂಸ, ಮೀನು, ಚೀಸು, ಕಾಯಿಪಲ್ಯಾ ಅಂತ ಗುಡ್ಡಾ ಒಟ್ಟಿ ಕೊಡಲಿಕ್ಕೆ ಹತ್ತಿದ್ರು. ಅವರ ಸೀಮ್ಯಾಗ ಸ್ಯಾಂಡ್‌ವಿಚ್ ಅಂದ್ರ ಹಂಗೇ. ಅಮೇರಿಕಾದ ಪ್ಯಾನ್ ಆಮ್ ಕಂಪನಿ "ಇದು ಸ್ಯಾಂಡ್‌ವಿಚ್ ಅಲ್ಲ, ಊಟ" ಅಂತ ಸಂಘದಾಗ ಫಿರ್ಯಾದಿ ಕೊಟ್ಟಿತು. ದೊಡ್ಡ ದೊಡ್ಡ ಸಾಹೇಬರು ಕೂತು ಸ್ಯಾಂಡ್‌ವಿಚ್ ಅಂದ್ರೇನು ಅಂತ ಚರ್ಚಾ ಮಾಡಿ ಎಸ್‌ಎಎಸ್‌ಗೆ 20,000 ಡಾಲರ್ ದಂಡಾ ಹಾಕಿದ್ರು. ಕಡೀ ಪಂಕ್ತಿಗೆ ಪಲ್ಯಾ ಹೆಚ್ಚು ಬಡಿಸಿದ್ದಕ್ಕ ದಂಡ! ದ್ಯುಪುಯಿ ಇದ್ದಿದ್ರ ನಕ್ಕಿರತಿದ್ದ.

ಈಗ ಪುಟ್ಟಿಯ ಬಿಸಿನೆಸ್ ಕ್ಲಾಸಿನ ಕತಿ. ಇದರ ವಯಸ್ಸು ನನಗಿಂತ ಕಡಿಮಿ ಅಂತ ಗೊತ್ತಾಗಿ ನನಗ ಆಶ್ಚರ್ಯ ಆತು. 1970ರಾಗ ಜಂಬೋ ಜೆಟ್ ಬಂತು, ಮರು ವರ್ಷ ನಮ್ಮ ಏರ್ ಇಂಡಿಯಾನೂ ತಂತು. ಅಷ್ಟು ದೊಡ್ಡ ವಿಮಾನ ತುಂಬಸಲಿಕ್ಕೆ ಕಂಪನಿಗಳು ಪ್ರವಾಸಿಗರಿಗೆ ಭಾಳ ಸೋವಿ ತಿಕೀಟು ಕೊಡಲಿಕ್ಕೆ ಹತ್ತಿದ್ವು. ಆದ್ರ ಆಫೀಸಿನ ಕೆಲಸಕ್ಕ ಹೋಗೋವರು ಇವತ್ತು ಹೇಳಿದ್ರ ನಾಳೆ ಹೊಂಡಬೇಕು. ಅವರಿಗೆ ಸೋವೀ ತಿಕೀಟು ಸಿಗತಿದ್ದಿಲ್ಲ. ಪೂರಾ ರೊಕ್ಕಾ ಕೊಟ್ಟವರು, ಅರ್ಧಾ ರೊಕ್ಕಾ ಕೊಟ್ಟವರ ಬಾಜೂಕ ಅದೇ ಖುರ್ಚಿ ಒಳಗ ಕೂಡೋದಾತು. ಅವರು ತಕರಾರು ತಗದ್ರು. ಹಂಗಾಗಿ ಪೂರಾ ರೊಕ್ಕಾ ಕೊಟ್ಟವರನ್ನ ಬ್ಯಾರೆ ಕೂಡಸಲಿಕ್ಕೆ ಶುರು ಮಾಡಿದ್ರು. 1978ರಾಗ ಪ್ಯಾನ್ ಆಮ್, ಬ್ರಿಟಿಷ್ ಏರ್‌ವೇಸ್, 1979ರಾಗ ಆಸ್ಟ್ರೇಲಿಯಾದ ಕ್ವಾಂಟಾಸ್ ಹಿಂಗ ನಡುವಿನ ಕ್ಲಾಸು ಮಾಡಿದ್ವು. ಶುರುವಿಗೆ ಅದರಾಗ ಹಾಸಿಗಿ ಗೀಸಿಗಿ ಏನೂ ಇರಲಿಲ್ಲ. ಪೂರಾ ಮಲಗಿದಂಗ ಆಗೋ ಸೀಟು ಬ್ರಿಟಿಷ್ ಏರ್‌ವೇಸ್‌ನವರು ಫಸ್ಟ್ ಕ್ಲಾಸಿಗೆ ತಂದದ್ದು 1996ರಾಗ, ಬಿಸಿನೆಸ್‌ಗೆ ತಂದದ್ದು 2000ದಾಗ. ಬಿಸಿನೆಸ್ ಹಿಂಗ ಮ್ಯಾಲ ಮ್ಯಾಲ ಹೋದಂಗ ಕೆಳಗ ಮತ್ತ ದೊಡ್ಡ ತೆರವು ಬಿತ್ತು. ಅಲ್ಲಿ 1990ರ ದಶಕದ ಶುರುವಿನಿಂದ 'ಪ್ರೀಮಿಯಂ ಎಕಾನಮಿ' ಅಂತ ಇನ್ನೊಂದು ಪಂಕ್ತಿ ಹಾಕಿದ್ರು.

ಇಷ್ಟೆಲ್ಲಾ ಓದಿದ ಮ್ಯಾಲ ನನಗ ಒಂದು ಮಾತು ಸ್ಪಷ್ಟ ಆತು. ಬಿಸಿನೆಸ್ ಕ್ಲಾಸು ಹುಟ್ಟಿದ್ದು ಕಂಪನಿ ರೊಕ್ಕಕ್ಕ. ತನ್ನ ಕಿಸೇದಿಂದ ಕೊಡೋವರ ಸಲುವಾಗಿ ಅಲ್ಲ, ಆಫೀಸಿನ ಲೆಕ್ಕಕ್ಕ ಹಚ್ಚೋವರ ಸಲುವಾಗಿ. ಯಾರ ಬೆನ್ನು ನೋಯತದ, ಯಾರ ಕಾಲು ಬಾತದ ಅಂತ ಯಾರೂ ಕೇಳಿ ಮಾಡಿದ್ದಲ್ಲ. ನಮ್ಮಪ್ಪನ ಪಾಸಿನ ಹಂಗೇ. ಅಂದಮ್ಯಾಲ ಪುಟ್ಟಿ ಅದನ್ನ ಕೇಳಿದ್ರ ಮರ್ಯಾದಿ ಹೋಗೂದಿಲ್ಲ, ಬಿಟ್ರ ಮರ್ಯಾದಿ ಬರೂದೂ ಇಲ್ಲ. ಅದೊಂದು ದರದ ಪಟ್ಟಿ, ಅಷ್ಟೇ.

ಹಂಗಾದ್ರ ಮೈಗೆ ಬೇಕಾದ್ದು ಯಾವುದು? ಅದನ್ನ ನೋಡಲಿಕ್ಕೆ ಹೊಲಿಗಿ ಟೇಪು ತಗದೆ. ಎಕಾನಮಿ ಒಳಗ ಒಂದು ಸೀಟಿನ ಬೆನ್ನಿನಿಂದ ಮುಂದಿನ ಸೀಟಿನ ಬೆನ್ನಿನ ತನಕಾ ಸಾಮಾನ್ಯ 31-32 ಇಂಚು, ಅಗಲ 17-18 ಇಂಚು. ಪ್ರೀಮಿಯಂ ಎಕಾನಮಿ ಒಳಗ ಆ ಅಂತರ 38 ಇಂಚಿನ ಆಸುಪಾಸು. ಬಿಸಿನೆಸ್ ಒಳಗ ಈಗ ಹೆಚ್ಚಿನ ಕಡೆ ಆರು ಫೂಟು ಮಲಗಬಹುದು, ದರ ಮಾತ್ರ ಎಕಾನಮಿಯ ಮೂರು-ನಾಲ್ಕು ಪಟ್ಟು. ಊಟದ ಮನ್ಯಾಗ ಎರಡು ಖುರ್ಚಿ 31 ಇಂಚಿಗೆ ಒಂದರ ಹಿಂದ ಒಂದು ಇಟ್ಟು ನಮ್ಮ ಮನಿಯವರನ್ನ ಕೂಡಿಸಿದೆ. ಪೇಪರು ಬಿಚ್ಚಲಿಕ್ಕೆ ಬರಲಿಲ್ಲ. ಇಪ್ಪತ್ತು ನಿಮಿಷಕ್ಕ "ನಿನ್ನ ಇತಿಹಾಸ ಸಾಕು" ಅಂತ ಎದ್ದು ಹೋದ್ರು. ಪುಟ್ಟಿಗೆ ಇಪ್ಪತ್ತೆರಡು ತಾಸು.

ಕಾಲಿನ ವಿಷಯಕ್ಕ ಬಂದ್ರ, ಅದರ ಇತಿಹಾಸಾನೂ ಸಣ್ಣದಲ್ಲ. 1940ರಾಗ ಲಂಡನ್ನಿನ ಮ್ಯಾಲ ಬಾಂಬು ಬೀಳತಿದ್ದಾಗ ಮಂದಿ ರಾತ್ರಿಯೆಲ್ಲಾ ನೆಲದೊಳಗಿನ ಆಶ್ರಯದಾಗ ಮಡಚೋ ಖುರ್ಚಿ ಮ್ಯಾಲ ಕೂತಿರತಿದ್ರು. ಮುಂಜಾನೆ ಎದ್ದು ನಿಂತವರು ಒಮ್ಮೆಲೆ ಬಿದ್ದು ಸಾಯೋದು ಹೆಚ್ಚಾತು. ಕೀತ್ ಸಿಂಪ್ಸನ್ ಅನ್ನೋ ಡಾಕ್ಟರು ಹೆಣಗಳ ಪರೀಕ್ಷಾ ಮಾಡಿ, ಇದು ಬಾಂಬಿನ ಸಾವಲ್ಲ, ಖುರ್ಚಿ ಅಂಚು ತೊಡಿಗೆ ಒತ್ತಿ, ಕಾಲಾಗ ರಕ್ತ ಹೆಪ್ಪುಗಟ್ಟಿ, ಅದು ಪುಪ್ಪುಸಕ್ಕ ಹೋಗಿ ಆದ ಸಾವು ಅಂತ ಕಂಡುಹಿಡಿದು ಬರದ್ರು. ಮಂದಿಗೆ ಕೂಡೋ ಖುರ್ಚಿ ಬದ್ಲಿ ಮಲಗೋ ಮಂಚ ಬೇಕು ಅಂತ ಅದರಿಂದ ತಿಳೀತು. ಮುಂದ 1977ರಾಗ ವಿಮಾನದವರಿಗೆ ಆಗೋ ಇದೇ ತ್ರಾಸಿಗೆ ಡಾಕ್ಟರು 'ಎಕಾನಮಿ ಕ್ಲಾಸ್ ಸಿಂಡ್ರೋಮ್' ಅಂತ ಹೆಸರಿಟ್ರು.

ಆ ಹೆಸರಿನಿಂದ ಒಂದು ತಪ್ಪು ತಿಳುವಳಿಕಿನೂ ಆತು. ವಿಶ್ವ ಆರೋಗ್ಯ ಸಂಸ್ಥೆಯವರು 2007ರಾಗ ಹೇಳಿದ ಪ್ರಕಾರ, ನಾಲ್ಕು ತಾಸಿಗಿಂತ ಹೆಚ್ಚು ಒಂದೇ ಕಡೆ ಕೂತು ಹೋದ್ರ ಹೆಪ್ಪುಗಟ್ಟೋ ಸಂಭವ ಸುಮಾರು ಎರಡು ಪಟ್ಟು ಆಗತದ. ಆದ್ರೂ ಆರೋಗ್ಯ ಇದ್ದವರಾಗ ಅದು 6,000 ಮಂದಿಗೆ ಒಬ್ಬರು, ಅಂಜಿ ಸಾಯೋಷ್ಟು ಅಲ್ಲ. ಮತ್ತ ಅದು ವಿಮಾನಕ್ಕ ಅಷ್ಟೇ ಅಲ್ಲ, ಬಸ್ಸು, ಕಾರು, ರೈಲಿಗೂ ಅನ್ವಯಿಸತದ. ಅಂದ್ರ ತಪ್ಪು ಕ್ಲಾಸಿಂದಲ್ಲ, ಅಲುಗಾಡದ ಕೂಡೂದರದು. ಮೆತ್ತನ ಸೀಟಿನಾಗ ಎಂಟು ತಾಸು ಅಲುಗಾಡದ ಮಲಗಿದವರಿಗೂ ಅದು ಬರಬಹುದು. ಮೊದಲ ಒಮ್ಮೆ ಹೆಪ್ಪುಗಟ್ಟಿದವರು, ಬಸುರಿ-ಬಾಣಂತ್ಯಾರು, ಹೊಸದಾಗಿ ಆಪರೇಷನ್ ಆದವರು, ಮಕ್ಕಳಾಗದಂಗ ಗುಳಿಗಿ ತೊಗೊಳ್ಳೋವರು, ಮುಟ್ಟು ನಿಂತ ಮ್ಯಾಲ ಹಾರ್ಮೋನ್ ಗುಳಿಗಿ ತೊಗೊಳ್ಳೋವರು ಹೆಚ್ಚು ಕಾಳಜಿ ಮಾಡಬೇಕು. ನಮ್ಮೊಳಗ ಎಷ್ಟು ಮಂದಿ ಇದರಾಗ ಬರತೇವಿ, ಲೆಕ್ಕಾ ಹಾಕಿ ನೋಡ್ರಿ. ದೂರದ ಯಾತ್ರಾಕ್ಕ ಬಸ್ಸಿನಾಗ ಹೋಗೋವರೂ ಇದನ್ನ ಮರೀಬ್ಯಾಡ್ರಿ.

ಎರಡು ದಿನಾ ಆದ ಮ್ಯಾಲ ಪುಟ್ಟಿಗೆ ಫೋನ್ ಮಾಡಿ ಇದೆಲ್ಲಾ ಹೇಳಿದೆ. "ಮೊದಲ ಡಾಕ್ಟರ ಹತ್ರ ಹೋಗು. ಆಮ್ಯಾಲ ಸಾಹೇಬರಿಗೆ ಕ್ಲಾಸಿನ ಹೆಸರು ಹೇಳಿ ಕೇಳಬ್ಯಾಡ, ನಿನಗ ಏನು ಬೇಕು ಅದನ್ನ ಬರದು ಕೇಳು. ಕಾಲು ಚಾಚಲಿಕ್ಕೆ ಜಾಗಾ ಬೇಕು, ಎದ್ದು ಅಡ್ಡಾಡಲಿಕ್ಕೆ ಓಣಿ ಬಾಜೂದ ಸೀಟು ಬೇಕು, ಮೀಟಿಂಗಿಗೆ ಮೊದಲು ನಿದ್ದಿ ಬೇಕು. ಹೆಣ್ಣಮಗಳು ಅಂತ ಅಲ್ಲ, ಇಪ್ಪತ್ತೆರಡು ತಾಸು ಕೂತು ಬಂದು ಕಂಪನಿ ಕೆಲಸಾ ಮಾಡೋ ಮನಷ್ಯಾಗ ಬೇಕಾದ್ದು ಅಂತ ಕೇಳು" ಅಂದೆ. ಆಕಿ ಸುಮ್ಮನಿದ್ಲು. ನಾ ಮತ್ತ ಅಂದೆ, "2021ರ ಜನವರಿ ಒಳಗ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಬಂತಲ್ಲ, ಉತ್ತರ ಧ್ರುವದ ಕಡಿಂದ, ಹತ್ರ ಹತ್ರ ಹದಿನಾಲ್ಕು ಸಾವಿರ ಕಿಲೋಮೀಟರು. ಅದರಾಗ 238 ಸೀಟು ಇದ್ವು, ಫಸ್ಟ್ 8, ಬಿಸಿನೆಸ್ 35, ಎಕಾನಮಿ 195. ಆದ್ರ ಎಲ್ಲಾಕ್ಕಿಂತ ಮುಂದಿನ ಸೀಟಿನಾಗ ಕೂತು ವಿಮಾನ ನಡಿಸಿದವರು ನಾಲ್ಕೂ ಮಂದಿ ಹೆಣ್ಣಮಕ್ಕಳು. ಹೆಣ್ಣಮಕ್ಕಳನ್ನ ದೂರ ಕಳಿಸಿದ್ರ ರಗಳಿ ಅಂತ ಯಾರರ ಅಂದ್ರ ಅದನ್ನ ನೆನಸಿಕೋ."

ಪುಟ್ಟಿ ಹೋದ್ಲು ಡಾಕ್ಟರ ಹತ್ರ. ಅವರು ಹೇಳಿದ್ದು ಭಾಳ ಸೀದಾ ಇತ್ತು. ಯಾವ ಕ್ಲಾಸಿನಾಗ ಹೋದ್ರೂ ತಾಸಿಗೊಮ್ಮೆ ಎದ್ದು ಅಡ್ಡಾಡಬೇಕು, ಕೂತಲ್ಲೇ ಹಿಮ್ಮಡ ಎತ್ತಿ ಇಳಿಸಿ ಮೀನಖಂಡಕ್ಕ ಕೆಲಸಾ ಕೊಡಬೇಕು, ನೀರು ಕುಡೀಬೇಕು, ಅವರು ಬರಕೊಟ್ಟ ಅಳತಿ ಬಿಗಿ ಕಾಲುಚೀಲ ಹಾಕೋಬೇಕು. ಹೊಂಡೂಕಿಂತ ಮೊದಲು ಒಂದು ಇಂಜೆಕ್ಷನ್ನು. ಅದು ಆಕಿ ಹಳೇ ತ್ರಾಸಿನ ಸಲುವಾಗಿ. ನೀವ್ಯಾರೂ ಇದನ್ನ ಓದಿ ತಾವೇ ಗುಳಿಗಿ, ಇಂಜೆಕ್ಷನ್ ತೊಗೋಬ್ಯಾಡ್ರಿ, ನಿಮ್ಮ ಡಾಕ್ಟರನ್ನ ಕೇಳ್ರಿ.

ಆಮ್ಯಾಲ ಸಾಹೇಬರಿಗೆ ಐದು ಸಾಲಿನ ಪತ್ರಾ ಬರದ್ಲು. ಒಂದು ದಿನಾ ಉತ್ತರ ಇಲ್ಲ. ಆ ದಿನಾ ಆಕಿಗೂ ನಿದ್ದಿಲ್ಲ, ನನಗೂ ನಿದ್ದಿಲ್ಲ. ಇಲ್ಲದ್ದು ಹೇಳಿಕೊಟ್ಟು ಹುಡಿಗಿ ನೌಕರಿಗೆ ಕಲ್ಲು ಹಾಕಿದೆನೇನೋ ಅಂತ ನನಗ ಅನಿಸಿತು. ಮೂರನೇ ದಿನಾ ಸಾಹೇಬರು ಕರದು ಎರಡು ದಾರಿ ಹೇಳಿದ್ರಂತ. ಒಂದು, ಬಿಸಿನೆಸ್ ಕ್ಲಾಸು, ಆದ್ರ ಮೊದಲಿನಂಗ ಇಳಿದ ದಿನಾನೇ ಮೀಟಿಂಗು. ಇಲ್ಲಂದ್ರ ಪ್ರೀಮಿಯಂ ಎಕಾನಮಿ, ಓಣಿ ಬಾಜೂದ ಸೀಟು, ಶನಿವಾರ ಇಳೀಬೇಕು, ಸೋಮವಾರ ಮೀಟಿಂಗು. ಎರಡು ರಾತ್ರಿ ಹೋಟೆಲ್ ಖರ್ಚು ಕಂಪನೀದು.

ಪುಟ್ಟಿ ಎರಡನೇದು ಆರಿಸಿಕೊಂಡ್ಲು.

ಖರೇ ಹೇಳತೇನಿ, ನನಗ ಹೊಟ್ಟಿ ಚುರ್ ಅಂತು. ಇಷ್ಟೆಲ್ಲಾ ಕೇಳಿ ಪಡದು, ಬಾಗಲಕ್ಕ ಬಂದ ಬಿಸಿನೆಸ್ ಕ್ಲಾಸು ಬಿಡೂದೇನು! ನಮ್ಮ ತಂಗಿಗೆ ಅಷ್ಟೊತ್ತಿಗೆ ಎಲ್ಲಾ ಗೊತ್ತಾಗಿತ್ತು. ಆಕಿನೂ "ಹುಚ್ಚಿ ಅದಾಳ ನೋಡಕ್ಕಾ" ಅಂದ್ಲು. ಪುಟ್ಟಿ ಮಾತ್ರ ನಕ್ಕೋತ ಅಂದ್ಲು: "ಮೌಶಿ, ನೀನ ಹೇಳಿದ್ಯಲ್ಲ, ಕ್ಲಾಸಿನ ಹೆಸರು ನೋಡಬ್ಯಾಡ ಅಂತ. ಹಾಸಿಗಿ ಇದ್ರೂ ವಿಮಾನದಾಗ ನನಗ ನಾಲ್ಕು ತಾಸಿನ ಮ್ಯಾಲ ನಿದ್ದಿ ಬರೂದಿಲ್ಲ. ನೆಲದ ಮ್ಯಾಲಿನ ಎರಡು ರಾತ್ರಿ ನಿದ್ದಿ ಅದಕ್ಕಿಂತ ಹೆಚ್ಚು. ಕಾಲಿನ ಔಷಧ ಸೀಟಿನಾಗ ಇಲ್ಲ ಅಂತ ಡಾಕ್ಟರು ಹೇಳಿಬಿಟ್ಟಾರ. ಮತ್ತ ಆ ಇಬ್ಬರು ಹುಡುಗರನ್ನೂ ಶನಿವಾರಾನೇ ಕಳಸತಾರಂತ, ಒಬ್ಬರಿಗೆ ಒಂದು ಮಾಡಲಿಕ್ಕೆ ಬರೂದಿಲ್ಲ ಅಂತ."

ನಾ ಬಾಯಿ ಮುಚ್ಚಿಕೊಂಡೆ. ಆರಿಸೋವರು ಹೋಗೋವರು, ಕೂತು ಟೇಪು ಹಿಡದವರಲ್ಲ. ಬ್ಯಾರೆಯವರಿಗೆ ಬ್ಯಾರೆ ಉತ್ತರ ಇರಬಹುದು. ಬೆನ್ನು ಹೋದವರಿಗೆ, ಇಳಿದ ಕೂಡ್ಲೆ ಕೆಲಸಾ ತಪ್ಪದವರಿಗೆ, ಆ ಹಾಸಿಗೀನೇ ಸರಿ ಇದ್ದೀತು. ಭಿಡೇಕ್ಕ ಬಿದ್ದು ಕೇಳದ ಇರೂದಕ್ಕ ಮಾತ್ರ ನನ್ನ ವಿರೋಧ.

ಪುಟ್ಟಿ ಹೋದ್ಲು, ಮೀಟಿಂಗ್ ಮುಗಿಸಿದ್ಲು, ಬಂದ್ಲು. ಫೋನಿನಾಗ ತಾಸಿಗೊಂದು ಗಂಟಿ ಇಟ್ಟುಕೊಂಡು ಎದ್ದು ಎದ್ದು ಅಡ್ಡಾಡಿದ್ಲಂತ, ಬಾಜೂಕಿನ ಮುದುಕಿನ್ನೂ ಎಬ್ಬಿಸಿ ಅಡ್ಡಾಡಿಸಿದ್ಲಂತ. ಕಾಲು ಛಲೋ ಅದ.

ಹೋದ ರವಿವಾರ ಊಟಕ್ಕ ಎಲ್ಲಾರೂ ನಮ್ಮಲ್ಲಿ ಕೂಡಿದ್ವಿ. ನಮ್ಮವ್ವಗ ಈಗ ಎಂಬತ್ತೊಂದು. ಎಲಿ ಹಾಕಿದ ಮ್ಯಾಲ ಯಾವಾಗಿನಂಗ ಅಡಗಿಮನಿ ಬಾಗಲದಾಗ ನಿಂತು "ನಿಮ್ಮದೆಲ್ಲಾ ಆಗಲಿ, ನಂದೇನವಸರ" ಅಂದ್ಲು. ಪುಟ್ಟಿ ಎದ್ದು ಹೋಗಿ ಕೈ ಹಿಡಕೊಂಡು ಬಂದು ಮೊದಲನೇ ಎಲೀ ಮುಂದ ಕೂಡಿಸಿದ್ಲು. ನಾ ಒಲೀ ಮ್ಯಾಲಿನ ಸಾರು ಹಂಗೇ ತಂದು ಬಡಿಸಿದೆ.

ಒಂದು ತುತ್ತು ಬಾಯಾಗ ಇಟ್ಟುಕೊಂಡು ಅವ್ವ ನನ್ನ ಕಡೆ ನೋಡಿದ್ಲು. "ಅಯ್ಯ, ಸಾರು ಎಷ್ಟು ಸುಡತದ" ಅಂದ್ಲು.